ಅಂತರ್ಜಾಲವೂ ಗಾಯಕರ ಜೀವಿಕೆಯೂ

ನಾದವು ಹುಟ್ಟಿದ ಕ್ಷಣದಲ್ಲಿಯೇ ಲಯಹೊಂದುವ ವಸ್ತು. ಆದಕಾರಣ ಪೂರ್ವಕಾಲದಲ್ಲಿ ಗಾನವನ್ನು ಕೇಳಬಯಸುವವನು ಗಾಯಕನ ಸನ್ನಿಧಿಯಲ್ಲಿಯೇ ಇರಬೇಕಾಗಿದ್ದಿತು. ರಾಜರೂ ದೇವಸ್ಥಾನಗಳೂ ಧನಿಕರೂ ಅವನನ್ನು ಪೋಷಿಸುತ್ತಿದ್ದರು. 1877ರಲ್ಲಿ ಅಮೇರಿಕಾ ದೇಶದ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದಂದಿನಿಂದ ಧ್ವನಿಯು ಗಾಯಕನ ಶರೀರದಿಂದ ಬೇರ್ಪಟ್ಟು ಕ್ರಯವಿಕ್ರಯಕ್ಕೆ ಒಳಗಾಯಿತು. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಯಲ್ಲಿ ಗೌಹರ್ ಜಾನರ ಗಾನವನ್ನು ಮುದ್ರಿಸಿಕೊಂಡರು. ಕಂಠವು ಕಲಾವಿದರದು; ಯಂತ್ರ, ಕಾರ್ಖಾನೆ, ಅಂಗಡಿ ಇವೆಲ್ಲವೂ ಕಂಪೆನಿಯವು. ಹೀಗೆ ಆಶ್ರಯದಾತನ ಸ್ಥಾನದಲ್ಲಿ ವರ್ತಕನು ಬಂದು ಕುಳಿತನು.

ಈ ವ್ಯವಸ್ಥೆಯು ಸುಮಾರು ನೂರು ವರ್ಷಗಳ ಕಾಲ ನಡೆಯಿತು. ಯಾರ ಗಾನವನ್ನು ಮುದ್ರಿಸಬೇಕೆಂಬುದನ್ನು ಕಂಪೆನಿಗಳ ಕೆಲವೇ ಅಧಿಕಾರಿಗಳು ನಿಶ್ಚಯಿಸುತ್ತಿದ್ದರು. ಮುದ್ರಣಕ್ಕೆಂದು ಮುಂಗಡ ಕೊಟ್ಟ ಹಣವನ್ನು ಪಾಶ್ಚಾತ್ಯ ಕಂಪೆನಿಗಳು ಸಾಮಾನ್ಯವಾಗಿ ಕಲಾವಿದನ ಪಾಲಿನಿಂದಲೇ ಮುರಿದುಕೊಳ್ಳುತ್ತಿದ್ದವು. ಮುದ್ರಿಕೆಯ ಸ್ವಾಮ್ಯವೂ ಬಹುಮಟ್ಟಿಗೆ ಅವುಗಳಲ್ಲಿಯೇ ಉಳಿಯುತ್ತಿದ್ದಿತು.

ಈ ಕೋಟೆಯನ್ನು ಭೇದಿಸಿದುದು ಗಣಿತಶಾಸ್ತ್ರದ ಒಂದು ಉಪಾಯ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿದ್ವಾಂಸರು, ಮನುಷ್ಯನ ಕಿವಿಗೆ ಗೋಚರವಾಗದ ಅಂಶಗಳನ್ನು ಬಿಟ್ಟು ಧ್ವನಿಯನ್ನು ಸುಮಾರು ಹತ್ತರಲ್ಲೊಂದು ಪ್ರಮಾಣಕ್ಕೆ ಸಂಕ್ಷೇಪಿಸುವ ಎಂಪಿ3 ಎಂಬ ಕ್ರಮವನ್ನು ಸಿದ್ಧಪಡಿಸುವುದರಲ್ಲಿ ಮುಂದಾಳುಗಳಾದರು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿನೆಂಟು ವಯಸ್ಸಿನ ಅಮೇರಿಕಾದ ತರುಣನು ನ್ಯಾಪ್‌ಸ್ಟರ್ ಎಂಬ ಏರ್ಪಾಟನ್ನು ಹೊರತಂದನು. ಹಾಡುಗಳನ್ನು ಅದು ತನ್ನಲ್ಲಿ ಇಟ್ಟುಕೊಂಡಿರಲಿಲ್ಲ. ಯಾವ ಹಾಡು ಯಾರ ಕಂಪ್ಯೂಟರಿನಲ್ಲಿದೆಯೆಂಬುದನ್ನು ಮಾತ್ರ ತಿಳಿಸುತ್ತಿದ್ದಿತು. ಜನರು ಪರಸ್ಪರ ಕಾಸಿಲ್ಲದೆ ಪ್ರತಿಮಾಡಿಕೊಂಡರು. ಕಲಾವಿದರಲ್ಲಿಯೇ ಭಿನ್ನಾಭಿಪ್ರಾಯವುಂಟಾಯಿತು: ಮೆಟಾಲಿಕಾ ಎಂಬ ವಾದ್ಯವೃಂದದವರು 2000ದಲ್ಲಿ ವ್ಯಾಜ್ಯ ಹೂಡಿದರು, ಪಬ್ಲಿಕ್ ಎನಿಮಿ ವೃಂದದ ಚಕ್ ಡಿ ಎಂಬಾತನು, ಇದು ಕಂಪೆನಿಗಳ ಹಿಡಿತವನ್ನು ಸಡಿಲಿಸುವುದೆಂದು ಸ್ವಾಗತಿಸಿದನು. ನ್ಯಾಯಾಲಯದ ಆಜ್ಞೆಯಿಂದ 2001ರಲ್ಲಿ ನ್ಯಾಪ್‌ಸ್ಟರ್ ಮುಚ್ಚಿತು. ಜನರಿಗೆ ಅಂಟಿದ ಅಭ್ಯಾಸವು ಹೋಗಲಿಲ್ಲ.

2003ರಲ್ಲಿ ಆಪಲ್ ಕಂಪೆನಿಯವರು ಬಿಡಿಬಿಡಿಯಾಗಿ ಹಾಡೊಂದಕ್ಕೆ 99 ಸೆಂಟುಗಳಂತೆ ಮಾರತೊಡಗಿದರು. 2007ರಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ವೃಂದದವರು, ಕಂಪೆನಿಯೊಡನೆ ಇದ್ದ ಕರಾರು ಮುಗಿದ ಮೇಲೆ, ತಮ್ಮ ನೂತನ ಗೀತಗುಚ್ಛವನ್ನು ತಾವೇ ಅಂತರ್ಜಾಲದಲ್ಲಿರಿಸಿ, ಬೆಲೆಯನ್ನು ಶ್ರೋತೃಗಳ ಇಚ್ಛೆಗೆ ಬಿಟ್ಟರು. ಆದರೆ ಅವರ ಕೀರ್ತಿಯು ಹಳೆಯ ವ್ಯವಸ್ಥೆಯಲ್ಲಿಯೇ ಸಂಪಾದಿತವಾಗಿದ್ದಿತು. ಹೆಸರಿಲ್ಲದ ಗಾಯಕನಿಗೆ ಈ ಮಾರ್ಗವು ಅಷ್ಟು ಸುಗಮವಲ್ಲ.

2008ರಲ್ಲಿ ಸ್ವೀಡನ್ ದೇಶದ ಸ್ಪಾಟಿಫೈ ಸಾರ್ವಜನಿಕರಿಗೆ ದೊರೆತ ಮೇಲೆ, ಹಾಡನ್ನು ಕೊಳ್ಳುವುದಕ್ಕೆ ಬದಲಾಗಿ ತಿಂಗಳ ಚಂದಾ ತೆತ್ತು ಕೇಳುವ ಪದ್ಧತಿಯು ಪ್ರಬಲವಾಯಿತು. ಇಲ್ಲಿಯ ಹಂಚಿಕೆಯ ಕ್ರಮವನ್ನು ವಾಚಕರು ಗಮನಿಸಬೇಕು. ಹಲವರ ಫಸಲನ್ನು ಒಂದೇ ಕಣದಲ್ಲಿ ರಾಶಿಹಾಕಿ ಅಳೆಯುವಂತೆ, ಚಂದಾ ಮತ್ತು ಜಾಹೀರಾತುಗಳ ಹಣವನ್ನು ಒಟ್ಟುಗೂಡಿಸಿ, ಸ್ವಾಮ್ಯವುಳ್ಳವರಿಗೆ ಸಲ್ಲಬೇಕಾದ ಭಾಗವನ್ನು ಒಟ್ಟು ಕೇಳಿಕೆಯ ಪ್ರಮಾಣದಂತೆ ಹಂಚುತ್ತಾರೆ. ಒಬ್ಬನು ತಿಂಗಳೆಲ್ಲ ಒಬ್ಬ ಅಪ್ರಸಿದ್ಧ ಗಾಯಕನನ್ನೇ ಕೇಳಿದರೂ, ಅವನಿತ್ತ ಹಣವು ನೇರವಾಗಿ ಆ ಗಾಯಕನನ್ನು ಸೇರದು. ಮುದ್ರಿಕೆಯ ಸ್ವಾಮ್ಯವು ಕಂಪೆನಿಯದಾಗಿದ್ದರೆ ಹಣವು ಮೊದಲು ಅಲ್ಲಿಗೆ ಹೋಗಿ, ಕರಾರಿನಂತೆ ಉಳಿದುದು ಗಾಯಕನಿಗೆ ಸಲ್ಲುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಲ್ಪಡದ ಹಾಡಿಗೆ ಮುದ್ರಿಕೆಯ ರಾಯಧನವನ್ನು ಸ್ಪಾಟಿಫೈ ಕೊಡುವುದಿಲ್ಲ.

ಲಾಭಗಳೂ ಅಲ್ಪವಲ್ಲ. ಮನೆಯಲ್ಲಿಯೇ ಹಾಡನ್ನು ಮುದ್ರಿಸಿ ಸಮುದ್ರದಾಚೆಗೆ ಕೇಳಿಸುವ ಸೌಲಭ್ಯವು ಹಿಂದೆ ಯಾವ ಕಲಾವಿದನಿಗೂ ಇರಲಿಲ್ಲ. 1999ರ ಅನಂತರ ಬಹುಕಾಲ ಕುಗ್ಗಿದ್ದ ಧ್ವನಿಮುದ್ರಿಕೆಗಳ ಲೋಕವ್ಯಾಪಾರವು 2015ರಿಂದ ಮತ್ತೆ ವೃದ್ಧಿಹೊಂದಿತು. ಆದರೆ ವ್ಯಾಪಾರದ ವೃದ್ಧಿಯೇ ಗಾಯಕನ ವೃದ್ಧಿಯಲ್ಲ. 2020ರ ಮಹಾಮಾರಿಯಲ್ಲಿ ಕಚೇರಿಗಳು ನಿಂತುಹೋದಾಗ, ಕೇವಲ ಅಂತರ್ಜಾಲದ ವರಮಾನದಿಂದ ಬಾಳುವುದು ಅನೇಕರಿಗೆ ಅಸಾಧ್ಯವೆಂಬುದು ಸ್ಪಷ್ಟವಾಯಿತು. ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಈ ಹಂಚಿಕೆಯು ಆಮೂಲಾಗ್ರವಾಗಿ ಬದಲಾಗಬೇಕೆಂದು ವರದಿ ಮಾಡಿತು. ಭಾರತದಲ್ಲಿ ಅದಕ್ಕೆ ಮೊದಲೇ, 2012ರ ಕೃತಿಸ್ವಾಮ್ಯ ತಿದ್ದುಪಡಿಯು ಚಲಚ್ಚಿತ್ರಗೀತೆಯ ಕವಿಗೂ ಸಂಗೀತ ಸಂಯೋಜಕನಿಗೂ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲನ್ನು ವಿಧಿಸಿ, ಅದನ್ನು ನಿರ್ಮಾಪಕನಿಗೆ ಬರೆದುಕೊಡಲಾಗದಂತೆ ಕಟ್ಟುಮಾಡಿದ್ದಿತು.

ಶಾಸನವು ಹಕ್ಕನ್ನು ಕೊಡಬಲ್ಲುದು. ಅದನ್ನು ಕಾಯ್ದುಕೊಳ್ಳಬೇಕಾದವನು ಕಲಾವಿದನೇ. ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ದೇವಗಿರಿಯ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದನು. ಇಂದಿನ ಗಾಯಕನಿಗೂ ಸ್ವರಜ್ಞಾನದೊಡನೆ ಅಷ್ಟಿಷ್ಟು ಲೆಕ್ಕದ ಜ್ಞಾನವು ಅವಶ್ಯವಾಗಿದೆ: ಕರಾರಿಗೆ ಸಹಿ ಮಾಡುವುದಕ್ಕೆ ಮೊದಲು, ಮುದ್ರಿಕೆಯ ಸ್ವಾಮ್ಯವು ಯಾರಲ್ಲಿ ಉಳಿಯುವುದೆಂಬುದನ್ನು ಅವನು ಓದಿ ತಿಳಿಯತಕ್ಕದ್ದು.