ಮುರಿದ ಮೂಳೆ, ಕಾದ ಹೊತ್ತು

ಸೋಮನಾಥಪುರದ ಕೇಶವ ದೇವಾಲಯದ ಗೋಡೆಗಳಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಇಂದಿಗೂ ಓದಲು ಸಿಗುತ್ತದೆ. ಅದನ್ನು ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಶಾಸನದಲ್ಲಿದೆ. ಆದರೆ 13ನೇ ಶತಮಾನದ ಆ ಕೆಲಸದಲ್ಲಿ ಕಲ್ಲು ಹೊತ್ತವರ ಪೈಕಿ ಯಾರ ಕಾಲು ಮುರಿಯಿತು, ಯಾರು ಕಟ್ಟು ಹಾಕಿದರು ಎಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಗಾಯಗಳ ಚರಿತ್ರೆ ಬರೆಯುವವರಿಗೆ ಮೊದಲು ಎದುರಾಗುವುದು ಈ ಮೌನವೇ.

ಹಾಗಾಗಿ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅಂಬೇಡ್ಕರ್ ದಾಖಲಿಸಿದ ಎರಡು ಪ್ರಸಂಗಗಳಿಗೆ ಬಹಳ ಬೆಲೆಯಿದೆ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಅಸ್ಪೃಶ್ಯರೆಂಬ ಕಾರಣಕ್ಕೆ ಅವರನ್ನು ಕೂರಿಸಿಕೊಂಡು ಹೋಗಲು ಜಟಕಾದವರು ಒಪ್ಪಲಿಲ್ಲ. ಗಾಡಿ ಹೊಡೆದು ಅಭ್ಯಾಸವಿಲ್ಲದ ಕೇರಿಯವನೊಬ್ಬ ಹೊಡೆದ. ಸೇತುವೆಯ ಮೇಲೆ ಗಾಡಿ ಉರುಳಿ ಅಂಬೇಡ್ಕರರ ಕಾಲಿನ ಮೂಳೆ ಮುರಿಯಿತು. ಅದೇ ವರ್ಷ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಕಾಠಿಯಾವಾಡದ ಶಿಕ್ಷಕರೊಬ್ಬರ ಪತ್ರವನ್ನೂ ಅವರು ಉಲ್ಲೇಖಿಸುತ್ತಾರೆ. ಕಾಯಿಲೆ ಬಿದ್ದ ಬಾಣಂತಿಯನ್ನು ನೋಡಲು ವೈದ್ಯರು ಕೇರಿಯೊಳಗೆ ಕಾಲಿಡಲಿಲ್ಲ. ಥರ್ಮಾಮೀಟರನ್ನೂ ಬೇರೊಬ್ಬರ ಕೈಯಿಂದ ದಾಟಿಸಿದರು. ಆಕೆ ಉಳಿಯಲಿಲ್ಲ.

ಅಲ್ಲಿನ ನಿರಾಕರಣೆ ಕಣ್ಣಿಗೆ ಕಾಣುವಂಥದ್ದು. ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದ ಮೇಲೆ ತಾರತಮ್ಯ ‘ಸ್ವಲ್ಪ ಕಾಯಿರಿ’ ಎಂಬ ಮಾತಿನೊಳಗೂ ಅಡಗಬಲ್ಲದು. ಮೂಳೆ ಮುರಿತದಲ್ಲಿ ಕಾಯುವುದೆಂದರೆ ಬರೀ ನೋವಲ್ಲ. ತೊಡೆಮೂಳೆ ಮುರಿದರೆ ಒಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೋರಬಹುದು. ಚರ್ಮ ಸೀಳಿ ಮೂಳೆ ಹೊರಬಂದರೆ ಸೋಂಕು ತಡೆಯುವ ಔಷಧಿ ಬೇಗ ಬೀಳಬೇಕು. ಸೊಂಟದ ಕೀಲಿನ ಬಳಿ ಮುರಿದ ವೃದ್ಧರಿಗೆ ಒಂದೆರಡು ದಿನಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕು.

ಈ ಕಾಣದ ಅಂತರವನ್ನು ಅಮೆರಿಕದಲ್ಲಿ ಎಣಿಸಿ ತೋರಿಸಿದ್ದಾರೆ. 1993ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್‌ನ ಅಧ್ಯಯನದಲ್ಲಿ, ಕೈಕಾಲಿನ ಉದ್ದ ಮೂಳೆ ಮುರಿದು ತುರ್ತು ವಿಭಾಗಕ್ಕೆ ಬಂದ ಹಿಸ್ಪಾನಿಕ್ ಜನರಲ್ಲಿ ಶೇ 55 ಮಂದಿಗೆ ನೋವಿನ ಔಷಧಿಯೇ ಸಿಕ್ಕಿರಲಿಲ್ಲ. ಬಿಳಿಯರಲ್ಲಿ ಈ ಪ್ರಮಾಣ ಶೇ 26. 2000ದ ಅಟ್ಲಾಂಟಾ ಅಧ್ಯಯನದಲ್ಲಿ ಔಷಧಿ ಪಡೆದವರು ಬಿಳಿಯರಲ್ಲಿ ಶೇ 74, ಕಪ್ಪು ಜನರಲ್ಲಿ ಶೇ 57. ರೋಗಿಯ ಕಡತದಲ್ಲಿ ಜನಾಂಗವನ್ನೂ ಕೊಟ್ಟ ಔಷಧಿಯನ್ನೂ ಬರೆದಿಟ್ಟಿದ್ದರಿಂದಲೇ ಇದು ಬಯಲಾಯಿತು.

ನಮ್ಮಲ್ಲಿ ಆ ಜಾಗದಲ್ಲಿ ಜಾತಿಯನ್ನಿಟ್ಟು ಕೇಳಬೇಕು. ಸೋಮನಾಥಪುರದಿಂದ ಮೈಸೂರಿಗೆ ಸುಮಾರು 35 ಕಿ.ಮೀ. ದಾರಿ ಎಲ್ಲರಿಗೂ ಅಷ್ಟೇ; ಹೊತ್ತು ಅಷ್ಟೇ ಆಗಬೇಕೆಂದಿಲ್ಲ. ಬಿದ್ದದ್ದು ಎಷ್ಟು ಹೊತ್ತಿಗೆ, ವೈದ್ಯರು ಮುಟ್ಟಿ ನೋಡಿದ್ದು ಎಷ್ಟು ಹೊತ್ತಿಗೆ, ಅವರು ಯಾವ ಕೇರಿಯವರು ಎಂಬುದು ಒಂದೇ ಪುಟದಲ್ಲಿ ದಾಖಲಾದರೆ, ಮುಂದಿನ ಚರಿತ್ರೆಕಾರರು ಈ ಮೌನವನ್ನು ಎದುರಿಸಬೇಕಾಗುವುದಿಲ್ಲ.