ಕೈಲ್‌ಪೋಳ್ದ್‌ಗೆ ಕೋವಿ ಹೊರತೆಗೆಯುವ ಮುನ್ನ: ನಳಿಗೆ ಕ್ಲೀನ್ ಮಾಡಲು ಯಾವ ರಾಡ್, ಯಾವ ಬ್ರಷ್ ತಗೋಬೇಕು?

ಮಡಿಕೇರಿ: ಕೈಲ್‌ಪೋಳ್ದ್ ಹತ್ತಿರ ಬಂತು ಅಂದ್ರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದ ಮಳೆ, ಮಂಜು, ಬೆವರುವ ಗೋಡೆ. ಅಷ್ಟು ದಿನ ಮೂಲೆಯಲ್ಲಿ ನಿಂತ ಕೋವಿಯನ್ನು ಸೆಪ್ಟೆಂಬರ್ 3ರ ಪೂಜೆಗೆ ಹೊರಗಡೆಯಿಂದ ಪಳಪಳ ಅನ್ನುವ ಹಾಗೆ ಒರೆಸಿ, ಗಂಧ ಹಚ್ಚಿ, ತೋಕ್ ಪೂ ಇಟ್ಟು ಸಿಂಗರಿಸುತ್ತಾರೆ. ನಳಿಗೆಯ ಒಳಗೆ ಏನಾಗಿದೆ ಅಂತ ನೋಡುವವರು ಕಡಿಮೆ. ಪೂಜೆ ಮುಗಿದ ಮೇಲೆ ಅದೇ ಕೋವಿ ಹೆಗಲಿಗೇರಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೊರಡುತ್ತಾರೆ. ಒಳಗೆ ತುಕ್ಕು, ಹಳೇ ಬಟ್ಟೆ ಚೂರು ಅಥವಾ ಕಣಜದ ಮಣ್ಣು ಇದ್ದರೆ ಅಪಾಯ ಶುರುವಾಗೋದು ಅಲ್ಲಿಂದಲೇ.

ಇನ್ನೊಂದು ಕಡೆ, ಕ್ಲೀನ್ ಮಾಡುತ್ತೇವೆ ಅಂತ ಹೋಗಿ ನಳಿಗೆ ಹಾಳು ಮಾಡಿಕೊಳ್ಳುವವರೂ ಇದ್ದಾರೆ. ಕಬ್ಬಿಣದ ಕಂಬಿಗೆ ಬಟ್ಟೆ ಸುತ್ತಿ ತುರುಕೋದು, ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಾಕಿ ಉಜ್ಜೋದು, ಬೈಕಿನ ಬ್ರೇಕ್ ಕೇಬಲ್‌ಗೆ ಚಿಂದಿ ಕಟ್ಟಿ ಎಳೆಯೋದು, ಎಲ್ಲವೂ ನಡೆಯುತ್ತೆ. ವರ್ಷಕ್ಕೆ ನಾಲ್ಕೈದು ಈಡು ಹೊಡೆಯುವ ಕೋವಿ ಗುಂಡಿನಿಂದ ಸವೆಯೋದಿಲ್ಲ. ಅದು ಸವೆಯೋದು ಇಂಥ ಉಜ್ಜಾಟದಿಂದ, ಇಲ್ಲವೇ ತೇವದಿಂದ.

ಮೊದಲು ಖಾಲಿ ಇದೆಯಾ ನೋಡಿ

ಸಾಮಾನಿನ ಮಾತಿಗೆ ಬರುವ ಮೊದಲು ಒಂದು ವಿಷಯ. ಕೋವಿ ಮಡಚಿ ಎರಡೂ ನಳಿಗೆ ನೋಡಬೇಕು. ರೈಫಲ್ ಆದರೆ ಬೋಲ್ಟ್ ಎಳೆದು, ಮ್ಯಾಗಜಿನ್ ಖಾಲಿ ಮಾಡಿ, ಚೇಂಬರ್‌ಗೆ ಬೆರಳು ಹಾಕಿ ನೋಡಬೇಕು. ತೋಟಾಗಳನ್ನು ಬೇರೆ ರೂಮಿಗೆ ಸಾಗಿಸಿದ ಮೇಲೆಯೇ ಎಣ್ಣೆ ಬಾಟಲಿ ಮುಚ್ಚಳ ತೆಗೆಯಿರಿ. 'ನಮ್ಮ ಕೋವಿ ಖಾಲಿನೇ ಇರುತ್ತೆ' ಅನ್ನುವ ಮಾತು ನಂಬುವಂಥದ್ದಲ್ಲ. ಮನೆಯಲ್ಲಿ ಕೋವಿ ಮುಟ್ಟುವವರು ಒಬ್ಬರೇ ಇರೋದಿಲ್ಲ.

ಕೇಪಿನ ಕೋವಿ ಇದ್ದವರಿಗೆ ಇದು ಇನ್ನೂ ಕಷ್ಟ. ಅದನ್ನು ಹಿಂದಿನಿಂದ ತೆರೆದು ನೋಡೋಕೆ ಆಗಲ್ಲ. ಅದಕ್ಕೊಂದು ಹಳೇ ಉಪಾಯ ಇದೆ. ನಳಿಗೆಯ ನೇರಕ್ಕೆ ಮುಖ ಬಾರದಂತೆ ಪಕ್ಕದಲ್ಲಿ ನಿಂತು, ಬಾಯಿಯಿಂದ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಕಡ್ಡಿ ಮೇಲೆ ಗುರುತು ಮಾಡಿ. ಕಡ್ಡಿ ಹೊರಗೆ ತೆಗೆದು, ಆ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಹೊರಬದಿಗೆ ಇಟ್ಟು ನೋಡಿ. ಕಡ್ಡಿ ತುದಿ ಕೇಪು ಕೂರಿಸುವ ನಿಪ್ಪಲ್ ಹತ್ತಿರದವರೆಗೆ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಇದೆ ಅಂತಲೇ ತಿಳಿದು ಗೊತ್ತಿರುವವರ ಕೈಗೆ ಕೊಡಿ. ಯಾವ ಕಾಲದಲ್ಲಿ ತುಂಬಿದ್ದೋ ಏನೋ.

ನಳಿಗೆ ಯಾವುದು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ

ಜಿಲ್ಲೆಯ ಮನೆಗಳಲ್ಲಿ ಹೆಚ್ಚಾಗಿ ಇರೋದು 12 ಬೋರ್, ಒಂಟಿ ಇಲ್ಲವೇ ಜೋಡು ನಳಿಗೆ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ, ನಳಿಗೆಯ ಒಳಗಲವೂ ಅಷ್ಟು. ಈಗಿನ ಲೆಕ್ಕದಲ್ಲಿ ಸುಮಾರು 18.5 ಮಿ.ಮೀ. 16 ಬೋರ್, 20 ಬೋರ್ ಇದಕ್ಕಿಂತ ಸಣ್ಣವು. ಈ ಕೋವಿಗಳ ಒಳಮೈ ನುಣುಪು. ಅಲ್ಲಿ ಕೂರೋದು ಮದ್ದಿನ ಮಸಿ, ಸೀಸದ ಲೇಪ, ಮತ್ತು ಈಗಿನ ತೋಟಾಗಳಲ್ಲಿರುವ ಪ್ಲಾಸ್ಟಿಕ್ ವ್ಯಾಡ್ ಉಜ್ಜಿ ಉಳಿದ ಪೊರೆ.

ರೈಫಲ್ ಬೇರೆ ಜಾತಿ. .315 ಅಂದ್ರೆ ಸುಮಾರು 8 ಮಿ.ಮೀ., .22 ಅಂದ್ರೆ 5.6 ಮಿ.ಮೀ. ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡನ್ನು ತಿರುಗಿಸಿ ನೇರಕ್ಕೆ ಕಳಿಸೋದು ಆ ಗೀರುಗಳೇ. .315ನಲ್ಲಿ ಗುಂಡಿನ ಮೇಲಿನ ತಾಮ್ರ ಆ ಗೀರಿಗೆ ಹಿಡಿಯುತ್ತೆ, .22ನಲ್ಲಿ ಸೀಸ. ಇಲ್ಲಿ ಗಟ್ಟಿ ಲೋಹ ಹಾಕಿ ಉಜ್ಜಿದರೆ ಗೀರಿನ ಅಂಚು ಹೋಗುತ್ತೆ. ಗುರಿ ಕೆಟ್ಟ ಮೇಲೆ ಸರಿ ಮಾಡುವ ದಾರಿ ಇಲ್ಲ. ಹಾಗಾಗಿ 12 ಬೋರ್‌ನ ಸಾಮಾನಿನಲ್ಲೇ ರೈಫಲನ್ನೂ ಮುಗಿಸಿಬಿಡೋಣ ಅನ್ನುವ ಯೋಚನೆ ಬೇಡ.

ರಾಡ್

ರಾಡ್ ನಳಿಗೆಗಿಂತ ಉದ್ದ ಇರಬೇಕು, ನಳಿಗೆಗಿಂತ ಮೆತ್ತಗಿರಬೇಕು. 12 ಬೋರ್ ನಳಿಗೆ ಸಾಮಾನ್ಯವಾಗಿ 28 ಅಥವಾ 30 ಇಂಚು. ಹಿಡಿ ಬಿಟ್ಟು 34 ಇಂಚಾದರೂ ರಾಡ್ ಬೇಕು. ಹಳೇ ಕಾಲದ ಮೂರು ತುಂಡಿನ ಮರದ ರಾಡ್, ಹಿತ್ತಾಳೆ ಜಾಯಿಂಟ್ ಇರುವಂಥದ್ದು, 12 ಬೋರ್‌ಗೆ ಈಗಲೂ ಒಳ್ಳೆಯದೇ. ಜಾಯಿಂಟ್ ಅಲ್ಲಾಡಬಾರದು, ಮರ ಬಾಗಿರಬಾರದು. ಅಲ್ಯೂಮಿನಿಯಂ ರಾಡ್ ಅಗ್ಗ, ಹಗುರ. ಆದರೆ ಅದು ತೀರಾ ಮೆತ್ತಗಿರೋದರಿಂದ ಧೂಳು, ಮರಳಿನ ಕಣ ಅದರ ಮೈಗೆ ಕಚ್ಚಿಕೊಂಡು ಅರದ ಥರ ಕೆಲಸ ಮಾಡುತ್ತೆ. ಇದ್ದರೆ ಬಿಸಾಡಬೇಕಿಲ್ಲ, ಪ್ರತಿ ಸಲ ಒರೆಸಿ ಹಾಕಿ.

ರೈಫಲ್‌ಗೆ ಒಂದೇ ತುಂಡಿನ ರಾಡ್ ಬೇಕು, ಮೇಲೆ ಪ್ಲಾಸ್ಟಿಕ್ ಲೇಪ ಇರುವಂಥದ್ದು. ಮೂರು ತುಂಡು ಜೋಡಿಸಿದ್ದು ಸಣ್ಣ ನಳಿಗೆಯಲ್ಲಿ ಬಾಗಿ ಗೋಡೆಗೆ ತಾಗುತ್ತೆ. ಹಿಡಿಯೊಳಗೆ ಬೇರಿಂಗ್ ಇದ್ದು ರಾಡ್ ತನ್ನಷ್ಟಕ್ಕೆ ತಿರುಗಬೇಕು, ಆಗಲೇ ಬ್ರಷ್ ಗೀರಿನ ಜೊತೆ ಸುತ್ತುತ್ತಾ ಹೋಗೋದು. ಅಂಗಡಿಯಲ್ಲಿ ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ತಗೊಳ್ಳಿ.

ಬೋಲ್ಟ್ ತೆಗೆದು ಹಿಂಬದಿಯಿಂದಲೇ ರಾಡ್ ಹಾಕಬೇಕು. ನಳಿಗೆಯ ಬಾಯಿ ಅಂಚು ಒಂದು ಕಡೆ ಸವೆದರೂ ಗುಂಡು ಅಡ್ಡ ಹೋಗುತ್ತೆ. ಹಿಂದಿನಿಂದ ಹಾಕಲು ಆಗದ ರೈಫಲ್‌ಗಳಿವೆ. ಅವಕ್ಕೆ ಬಾಯಿಗೆ ಕೂರಿಸುವ ಹಿತ್ತಾಳೆ ಇಲ್ಲವೇ ಪ್ಲಾಸ್ಟಿಕ್ ಗೈಡ್ ಸಿಗುತ್ತೆ.

ಫೌಜಿನಿಂದ ರಿಟೈರ್ ಆಗಿ ಬಂದವರಿಗೆ 'ಪುಲ್ ಥ್ರೂ' ಹೊಸದೇನಲ್ಲ. ಒಂದು ತುದಿಗೆ ತೂಕ, ಇನ್ನೊಂದು ತುದಿಗೆ ಚಿಂದಿ ಸಿಕ್ಕಿಸುವ ದಾರ. .303 ಕಾಲದಲ್ಲಿ ಅದು ಬಟ್‌ನೊಳಗೇ ಇರುತ್ತಿತ್ತು, ಪಕ್ಕದಲ್ಲಿ ಎಣ್ಣೆ ಡಬ್ಬಿ. ಅದರಲ್ಲಿ ಒಂದು ದೋಷ ಇತ್ತು. ದಾರವನ್ನು ನೇರ ಎಳೆಯದೆ ಓರೆಯಾಗಿ ಎಳೆದೂ ಎಳೆದೂ ನಳಿಗೆಯ ಬಾಯಲ್ಲೇ ಗಾಡಿ ಬೀಳುತ್ತಿತ್ತು. ದಾರ ತಾನೇ ಅಂತ ಸದರ ಮಾಡುವ ಹಾಗಿಲ್ಲ. ಈಗ ಬರುವ ಬೋರ್ ಸ್ನೇಕ್ ಅದರದ್ದೇ ಮೊಮ್ಮಗ. ದಪ್ಪ ಹಗ್ಗದೊಳಗೇ ಕಂಚಿನ ಬ್ರಷ್ ಹೆಣೆದಿರುತ್ತಾರೆ. ಸ್ಪರ್ಧೆ ಮುಗಿದ ಕೂಡಲೇ ಒಂದೆರಡು ಸಲ ಎಳೆಯಲು ಬಹಳ ಅನುಕೂಲ. ಆದರೆ ಒಗೆಯದ ಸ್ನೇಕ್ ಎಳೆದರೆ ಹೋದ ವರ್ಷದ ಕೊಳೆಯನ್ನೇ ಮತ್ತೆ ಒಳಗೆ ಹಚ್ಚಿದ ಹಾಗೆ. ಹಗ್ಗ ಸವೆದಿದ್ದರೆ ಬಳಸಲೇಬೇಡಿ, ಒಳಗೆ ತುಂಡಾದರೆ ತೆಗೆಯೋದು ದೊಡ್ಡ ರಾಮಾಯಣ.

ಬ್ರಷ್, ಮಾಪ್, ಬಟ್ಟೆ

ಬ್ರಷ್‌ನಲ್ಲಿ ಕಂಚಿನದು, ನೈಲಾನ್‌ದು, ಸ್ಟೀಲ್‌ದು ಅಂತ ಮೂರು ಬಗೆ. ಸ್ಟೀಲ್ ಬ್ರಷ್ ಬೇಡವೇ ಬೇಡ. ಕಂಚು ನಳಿಗೆಯ ಉಕ್ಕಿಗಿಂತ ಮೆತ್ತಗೆ, ಸೀಸ ಮತ್ತು ಪ್ಲಾಸ್ಟಿಕ್ ಪೊರೆ ಎಬ್ಬಿಸುವಷ್ಟು ಗಟ್ಟಿ. ರೈಫಲ್‌ನಲ್ಲಿ ತಾಮ್ರ ಕರಗಿಸುವ ಅಮೋನಿಯಾ ದ್ರಾವಣ ಹಾಕುವವರು ನೈಲಾನ್ ಬ್ರಷ್ ಬಳಸಬೇಕು. ಕಂಚಿನಲ್ಲೂ ತಾಮ್ರ ಇರೋದರಿಂದ ಆ ದ್ರಾವಣ ಬ್ರಷ್ಷನ್ನೇ ತಿನ್ನುತ್ತೆ. ಬಟ್ಟೆಗೆ ನೀಲಿ ಬಣ್ಣ ಬಂದರೆ ಅದು ನಳಿಗೆಯದ್ದೋ ಬ್ರಷ್‌ನದ್ದೋ ಗೊತ್ತಾಗೋದಿಲ್ಲ.

ಅಳತೆ ನೋಡಿಯೇ ತಗೊಳ್ಳಿ. 12 ಬೋರ್ ಬ್ರಷ್ 16ಕ್ಕೆ ತುರುಕಿದರೆ ಸಿಕ್ಕಿಕೊಳ್ಳುತ್ತೆ, 16ರದ್ದು 12ಕ್ಕೆ ಹಾಕಿದರೆ ಗಾಳಿ ಹೊಡೆದಂತೆ. .315ಗೆ 8 ಮಿ.ಮೀ. ಬ್ರಷ್ ಕೇಳಿ. .30 ಬ್ರಷ್ ಕೊಟ್ಟು 'ಇದೇ ಸಾರ್, ಆಗುತ್ತೆ' ಅಂದರೆ ಆಗಲ್ಲ, ಅದು ಸಡಿಲ. ನಳಿಗೆ ಮಧ್ಯದಲ್ಲಿ ಬ್ರಷ್ ವಾಪಸ್ ಎಳೆಯಬೇಡಿ. ಪೂರ್ತಿ ಆಚೆ ಬಂದ ಮೇಲೆ ಹಿಂದಕ್ಕೆ.

ಗಿರಾಕಿಗಳು ಸಾಮಾನು ವಾಪಸ್ ತರುವುದಕ್ಕೆ ಒಂದು ಕಾರಣ ಥ್ರೆಡ್, ಅಂಗಡಿಯವರು ಇದನ್ನು ಗಮನಿಸಬೇಕು. ಅಮೆರಿಕದ ಅಳತೆಯಲ್ಲಿ ಬರುವ 12 ಬೋರ್ ಬ್ರಷ್‌ನ ಥ್ರೆಡ್ 5/16 ಇಂಚು, ಇಂಚಿಗೆ 27 ಸುತ್ತು. ರೈಫಲ್ ಬ್ರಷ್‌ದು 8-32, ಅಂದರೆ ಇಂಚಿಗೆ 32 ಸುತ್ತು. ಬ್ರಿಟಿಷ್ ಕಾಲದ ಹಳೇ ರಾಡ್‌ಗಳ ಥ್ರೆಡ್ ಇದಕ್ಕೆ ಕೂರಲ್ಲ. ಗಿರಾಕಿ ಬ್ರಷ್ ಮಾತ್ರ ಕೇಳಿದರೆ 'ಮನೆಯ ರಾಡ್ ತಗೊಂಡು ಬನ್ನಿ' ಅನ್ನೋದೇ ಇಬ್ಬರಿಗೂ ಒಳ್ಳೆಯದು. ಬಲವಂತವಾಗಿ ತಿರುಗಿಸಿದ ಬ್ರಷ್ ನಳಿಗೆಯೊಳಗೇ ಕಳಚಿ ಉಳಿಯುತ್ತೆ.

ಬ್ರಷ್ ಆದ ಮೇಲೆ ಬಟ್ಟೆ. ರಾಡ್ ತುದಿಗೆ ಜ್ಯಾಗ್ ಹಾಕಿ, ಅದರ ಮೇಲೆ ಬಟ್ಟೆ ಇಟ್ಟು ತಳ್ಳಬೇಕು. ಹಳೇ ಕಾಟನ್ ಬನಿಯನ್, ಫ್ಲಾನೆಲ್ ಸಾಕು. 12 ಬೋರ್‌ಗೆ ಮೂರು ಇಂಚಿನ ಚೌಕ, .315ಗೆ ಒಂದೂವರೆ, .22ಗೆ ಮುಕ್ಕಾಲು ಇಂಚು, ಹೆಚ್ಚುಕಡಿಮೆ. ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಹೋಗಬೇಕು. ಸುತ್ತಿಗೆ ಬೇಕು ಅನ್ನಿಸಿದರೆ ಬಟ್ಟೆ ದಪ್ಪ ಆಯಿತು. ಪಾಲಿಸ್ಟರ್ ಬಟ್ಟೆ ಎಣ್ಣೆ ಹೀರಲ್ಲ. ಉಣ್ಣೆ ಮಾಪ್ ಕೊನೆಗೆ ಎಣ್ಣೆ ಸವರಲು ಮಾತ್ರ.

ತೋಟಾ ಕೂರುವ ಚೇಂಬರ್ ನಳಿಗೆಗಿಂತ ಸ್ವಲ್ಪ ಅಗಲ. ಮಾಮೂಲಿ ಬ್ರಷ್ ಅಲ್ಲಿ ಸರಿಯಾಗಿ ತಾಗೋದಿಲ್ಲ, ತುಕ್ಕು ಅಲ್ಲೇ ಉಳಿಯುತ್ತೆ. ಹೊಡೆದ ಮೇಲೆ ಖಾಲಿ ತೋಟಾ ಹೊರಬರದೆ ಕಚ್ಚಿಕೊಳ್ಳುವ ಕೋವಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು. ಇದಕ್ಕೇ ಅಂತ ಗಿಡ್ಡ, ದಪ್ಪ ಬ್ರಷ್ ಬರುತ್ತೆ.

ಎಣ್ಣೆ ವಿಷಯ

ತೆಂಗಿನ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುತ್ತೆ, ಮಡಿಕೇರಿಯಲ್ಲಿ ವರ್ಷದ ಬಹುಪಾಲು ರಾತ್ರಿ ಅಷ್ಟೇ. ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತೆ. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಆಮ್ಲ, ಲೋಹದ ಪುಡಿ ಎರಡೂ ಇರುತ್ತವೆ. ಸೀಮೆಎಣ್ಣೆ ಕೊಳೆ ಬಿಡಿಸುತ್ತೆ ನಿಜ, ಆದರೆ ಆರಿದ ಮೇಲೆ ನಳಿಗೆ ಬರಿಮೈ. ಹಿಂದೆಯೇ ಎಣ್ಣೆ ಹಾಕದಿದ್ದರೆ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತೆ. ಡಬ್ಲ್ಯೂಡಿ-40 ನೀರು ಓಡಿಸಲು ಚೆನ್ನಾಗಿದೆ, ಮೂರು ತಿಂಗಳು ಕಾಯಲು ಅಲ್ಲ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತೆ. ತೆಳು ಇರೋದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮತ್ತೆ ಸವರಬೇಕು. ಎಣ್ಣೆ ಹಾಕಿದ ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಮರದ ಬಟ್‌ಗೆ ಎಣ್ಣೆ ಇಳಿಯಲ್ಲ.

ಕೇಪಿನ ಕೋವಿಗೆ ಈ ಯಾವ ಎಣ್ಣೆಯೂ ಮೊದಲ ಮದ್ದಲ್ಲ. ಕರಿಮದ್ದಿನ ಮಸಿಯಲ್ಲಿ ಉಪ್ಪಿನಂಶ ಇರುತ್ತೆ, ಅದು ಗಾಳಿಯ ತೇವವನ್ನೇ ಕುಡಿದು ಕಬ್ಬಿಣ ತಿನ್ನುತ್ತೆ. ಅದು ಹೋಗೋದು ಬಿಸಿ ನೀರು, ಸೋಪಿಗೆ. ಹೊಡೆದ ದಿನವೇ ತೊಳೆದು, ತಳದವರೆಗೆ ಬಟ್ಟೆ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ತಳ ಮುಚ್ಚಿರೋದರಿಂದ ಬಟ್ಟೆ ಅಲ್ಲೇ ಬಿದ್ದುಹೋಗಬಹುದು. ಕಡ್ಡಿ ತುದಿಗೆ ಹಾಕುವ ತಿರುಪಿನ ಕೊಕ್ಕೆ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ.

ಹೊಡೆಯುವ ಮೊದಲು

ಹಾಕಿದ ಎಣ್ಣೆಯನ್ನು ಹೊಡೆಯುವ ಮೊದಲು ಒಣ ಬಟ್ಟೆಯಿಂದ ತೆಗೆಯಬೇಕು. ನಳಿಗೆ, ಚೇಂಬರ್ ಎಣ್ಣೆಯಲ್ಲಿ ಮುಳುಗಿದ್ದರೆ ಒತ್ತಡ ಹೆಚ್ಚಾಗುತ್ತೆ. ಆಮೇಲೆ ಕೋವಿ ಮಡಚಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಕನ್ನಡಿಯಂತೆ ಹೊಳೆಯಬೇಕು. ಬಟ್ಟೆ ಚೂರು, ಕಳಚಿದ ಬ್ರಷ್, ಬಾಯಲ್ಲಿ ಕಟ್ಟಿದ ಕಣಜದ ಮಣ್ಣಿನ ಗೂಡು, ಪೂಜೆಗೆ ಇಟ್ಟ ಹೂವು, ಏನೇ ಅಡ್ಡ ಇದ್ದರೂ ನಳಿಗೆ ಒಡೆಯಬಹುದು. ಒಡೆದರೆ ಮೊದಲು ಹೋಗೋದು ಮುಂದೆ ಹಿಡಿದ ಎಡಗೈ. ತೇವ ಬಾರದಿರಲಿ ಅಂತ ಬಾಯಿಗೆ ಬಟ್ಟೆ ತುರುಕಿಡುವ ಅಭ್ಯಾಸ ಕೆಲವರಿಗಿದೆ. ಅದು ತೇವವನ್ನೂ ಒಳಗೇ ಹಿಡಿದಿಡುತ್ತೆ, ಮರೆತೂ ಹೋಗುತ್ತೆ.

ಬ್ರಷ್ ಹಾಕಿ ಎಣ್ಣೆ ಬಟ್ಟೆ ಎಳೆದ ಮೇಲೂ ಕಪ್ಪು ಚುಕ್ಕೆ ಉಳಿದರೆ ಅದು ಕೊಳೆಯಲ್ಲ, ತುಕ್ಕು ತಿಂದ ಗುಳಿ. ಎಮರಿ ಪೇಪರ್ ಸುತ್ತಿ ಡ್ರಿಲ್ ಮಿಷನ್‌ನಲ್ಲಿ ತಿರುಗಿಸುವ ಸಾಹಸ ಬೇಡ, ನಳಿಗೆಯ ಗೋಡೆ ತೆಳುವಾಗುತ್ತೆ. ವೆಲ್ಡಿಂಗ್ ಅಂಗಡಿ, ಲೇಥ್ ಅಂಗಡಿಗೂ ಒಯ್ಯಬೇಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯವರ ಕೋವಿ ರಿಪೇರಿ ಮಾಡುವ ಅಂಗಡಿಗೆ ಅದರದ್ದೇ ಲೈಸೆನ್ಸ್ ಬೇಕು, ನಳಿಗೆ ಗಿಡ್ಡ ಮಾಡುವುದಕ್ಕೆ 6ನೇ ಸೆಕ್ಷನ್ ಇದೆ. ಸಿಕ್ಕಿಬಿದ್ದರೆ ಕೇಸು ಅಂಗಡಿಯವರ ಮೇಲೂ ಬೀಳುತ್ತೆ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ತೋರಿಸಿ, ಗುಳಿ ಎಷ್ಟು ಆಳ ಅಂತ ಅವರು ಹೇಳುವವರೆಗೆ ಆ ಕೋವಿಯನ್ನು ಪೂಜೆಗೆ ಮಾತ್ರ ಇಡಿ, ಸ್ಪರ್ಧೆಗೆ ಒಯ್ಯಬೇಡಿ.