ಆಕ್ಯುಪೇಷನಲ್ ಥೆರಪಿ ಸಂಯೋಜಿತ ಪದವಿ

ಆಕ್ಯುಪೇಷನಲ್ ಥೆರಪಿಯ ಸ್ನಾತಕ ಮತ್ತು ಸ್ನಾತಕೋತ್ತರ ವ್ಯಾಸಂಗವನ್ನು ಒಟ್ಟುಗೂಡಿಸಿ ಕಡಿಮೆ ಅವಧಿಯಲ್ಲಿ ಮುಗಿಸುವ ಶಿಕ್ಷಣಕ್ರಮ. ರೂಢಿಯಲ್ಲಿರುವುದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿ 2007ರಿಂದ ಈ ವೃತ್ತಿಗೆ ಸ್ನಾತಕೋತ್ತರ ಮಟ್ಟದ ಶಿಕ್ಷಣ ಕಡ್ಡಾಯವಾದ್ದರಿಂದ ಸುಮಾರು ಐದು ವರ್ಷಗಳ ಇಂಥ ಕೋರ್ಸುಗಳಿಗೆ ಬೇಡಿಕೆ ಬಂತು. ಸ್ನಾತಕದ ಕೊನೆಯ ಘಟ್ಟದ ಪಠ್ಯವನ್ನು ಎರಡೂ ಪದವಿಗಳ ಲೆಕ್ಕಕ್ಕೆ ಹಿಡಿಯುವುದು ಇದರ ತಿರುಳು.

ಭಾರತದಲ್ಲಿ ಆಕ್ಯುಪೇಷನಲ್ ಥೆರಪಿಯ ಶಿಕ್ಷಣ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರ ಪ್ರಯತ್ನದಿಂದ ಆರಂಭವಾಯಿತು. ಇಲ್ಲಿ ಪದವಿಗಳು ಬೇರೆಬೇರೆ: ಮೊದಲು ಇಂಟರ್ನ್‌ಶಿಪ್ ಸೇರಿದ ಬಿ.ಒ.ಟಿ. (ಸ್ನಾತಕ), ಅನಂತರ ಎರಡು ವರ್ಷದ ಎಂ.ಒ.ಟಿ. (ಸ್ನಾತಕೋತ್ತರ). ಕರ್ನಾಟಕದ ಮಣಿಪಾಲದಲ್ಲಿ ಎರಡೂ ಉಂಟು.  ಬಿ.ಒ.ಟಿ.ಗೆ ಸೇರಲು ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು.

ಲಕ್ವ ಹೊಡೆದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು, ಮುದ್ದೆ ಮುರಿದು ತಿನ್ನಲು, ತಂಬಾಕಿನ ಎಲೆ ವಿಂಗಡಿಸುವಂಥ ಕೆಲಸಕ್ಕೆ ಮರಳಲು ಕೈಯನ್ನು ಪಳಗಿಸುವುದು ಈ ಚಿಕಿತ್ಸೆಯ ಒಂದು ಗುರಿ. ಅದು ರೋಗಿಯ ಜೊತೆ ಕುಳಿತೇ ಕಲಿಯುವ ವಿದ್ಯೆ; ಅವಧಿ ಮೊಟಕಾದರೂ ಆಸ್ಪತ್ರೆಯ ತರಬೇತಿ ಮೊಟಕಾಗುವಂತಿಲ್ಲ. ಭಾರತದಲ್ಲಿ ಈ ವೃತ್ತಿ 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯ ವ್ಯಾಪ್ತಿಗೆ ಸೇರಿದೆ.